ಪದವಿ ಶಿಕ್ಷಣದಲ್ಲಿ ನಾವೀನ್ಯ ನಿರ್ವಹಣೆ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ

ಹೊಸ ವಸ್ತು, ಹೊಸ ವಿಧಾನ ಅಥವಾ ಹೊಸ ಏರ್ಪಾಡು ಯಾರದೋ ತಲೆಯಲ್ಲಿ ಹೊಳೆದ ಗಳಿಗೆಯಿಂದ ಹಿಡಿದು ನಾಲ್ಕು ಜನರ ನಿತ್ಯದ ಬಳಕೆಗೆ ಬಂದು ನೆಲೆಯೂರುವವರೆಗೆ ಬೇಕಾಗುವ ಹಣ, ದುಡಿಮೆ, ನಂಬಿಕೆ, ಒಪ್ಪಂದ ಮತ್ತು ಕಲಿಕೆಗಳನ್ನು ಹೊಂದಿಸುವ ವಿದ್ಯೆಯೇ ನಾವೀನ್ಯ ನಿರ್ವಹಣೆ. ಬಿ.ಬಿ.ಎ., ಬಿ.ಕಾಂ. ತರಗತಿಗಳಲ್ಲಿ ‘ಇನೊವೇಶನ್ ಮ್ಯಾನೇಜ್‌ಮೆಂಟ್’ ಎಂಬ ಹೆಸರೇ ರೂಢಿ. ಆವಿಷ್ಕಾರಕ್ಕೂ ನಾವೀನ್ಯಕ್ಕೂ ಇರುವ ಅಂತರವನ್ನು ಅರ್ಥಶಾಸ್ತ್ರದಲ್ಲಿ ಮೊದಲು ಗಟ್ಟಿಯಾಗಿ ಗುರುತಿಸಿದವನು ಆಸ್ಟ್ರಿಯಾದ ಜೋಸೆಫ್ ಶುಂಪೀಟರ್. 1911ರ ತನ್ನ ಗ್ರಂಥದಲ್ಲಿ ಅವನು ಐದು ಬಗೆಯ ‘ಹೊಸ ಜೋಡಣೆ’ಗಳನ್ನು ಹೇಳಿದ: ಹೊಸ ಸರಕು, ಹೊಸ ಉತ್ಪಾದನಾ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾ ಮಾಲಿನ ಹೊಸ ಮೂಲ, ಉದ್ಯಮದ ಹೊಸ ಸಂಘಟನೆ. ಯಂತ್ರ ಎಂಬುದು ಈ ಐದರಲ್ಲಿ ಒಂದೆರಡು ಕಡೆ ಮಾತ್ರ ತಲೆಹಾಕುತ್ತದೆ ಎಂಬುದನ್ನು ಗಮನಿಸಬೇಕು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ 1992ರಲ್ಲಿ ಮೊದಲು ಹೊರತಂದ, 2018ರಲ್ಲಿ ನಾಲ್ಕನೆಯ ಆವೃತ್ತಿಯಾಗಿ ಪರಿಷ್ಕರಿಸಿದ ಓಸ್ಲೋ ಕೈಪಿಡಿ ಇನ್ನೂ ಖಚಿತವಾಗಿ ಹೇಳುತ್ತದೆ: ಬಳಕೆಗೆ ಬಾರದ ಯೋಚನೆ ಎಷ್ಟೇ ಜಾಣತನದ್ದಾದರೂ ನಾವೀನ್ಯದ ಲೆಕ್ಕಕ್ಕೆ ಸೇರದು. ಬಾಗಲಕೋಟೆ ಜಿಲ್ಲೆಯ ನಾಲ್ಕು ತಾಲೂಕುಗಳನ್ನು ಮುಂದಿಟ್ಟುಕೊಂಡು ನೋಡಿದರೆ ಈ ವ್ಯಾಖ್ಯೆಗಳ ಹುರುಳು ಎದ್ದು ಕಾಣುತ್ತದೆ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಈ ಸೀಮೆಯಲ್ಲಿ ಹೊಸತನಕ್ಕೆ ಎಂದೂ ಬರವಿರಲಿಲ್ಲ. ಕಠಿಣವಾಗಿದ್ದದ್ದು ಹೊಸತನದ ಸುತ್ತಲಿನ ಏರ್ಪಾಡು: ಯಾರು ದುಡ್ಡು ಹಾಕಬೇಕು, ಯಾರು ನಷ್ಟ ಹೊರಬೇಕು, ಲಾಭ ಯಾರ ಮನೆಗೆ ಹೋಗಬೇಕು, ಕೆಟ್ಟರೆ ಯಾರು ರಿಪೇರಿ ಮಾಡಬೇಕು. ಆದ್ದರಿಂದ ಇಲ್ಲಿನ ಪದವಿ ತರಗತಿಗಳಲ್ಲಿ ಈ ವಿಷಯವನ್ನು ಕಲಿಸುವುದಾದರೆ ಏರ್ಪಾಡಿನ ಅಧ್ಯಯನವಾಗಿ ಕಲಿಸಬೇಕು, ಮತ್ತು ಅದರ ಮೊದಲ ಪಾಠಗಳು ಇಲ್ಲಿನ ಬ್ಯಾರೇಜು, ಮಗ್ಗ, ಕಬ್ಬಿನ ಗದ್ದೆಗಳಿಂದಲೇ ಬರಬೇಕು ಎಂಬುದು ಈ ಲೇಖನದ ವಾದ.

ಈ ಭಾಗದ ಉನ್ನತ ಶಿಕ್ಷಣದ ಚೌಕಟ್ಟು ಹಲವು ಸಲ ಬದಲಾಗಿದೆ. ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, 2023ರಿಂದ ಜಮಖಂಡಿಯಲ್ಲೇ ಕೇಂದ್ರವಿರುವ ಬಾಗಲಕೋಟೆ ವಿಶ್ವವಿದ್ಯಾಲಯ. ಪಠ್ಯಕ್ರಮವೂ ಅಷ್ಟೇ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021-22ರಲ್ಲಿ ಪದವಿಗೆ ಅಳವಡಿಸಿತು. 2024-25ರಿಂದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆ ಬಿಟ್ಟು ಮೂರು ವರ್ಷಕ್ಕೆ ಮರಳಿತು. ಅದೇ ವರ್ಷದಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಬಿ.ಬಿ.ಎ., ಬಿ.ಸಿ.ಎ. ಪದವಿಗಳನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡು ಮಾದರಿ ಪಠ್ಯಕ್ರಮ ಹೊರಡಿಸಿತು. ಕೇಂದ್ರ ಶಿಕ್ಷಣ ಸಚಿವಾಲಯದ ನಾವೀನ್ಯ ಘಟಕ 2018ರಲ್ಲಿ ಶುರುವಾಯಿತು. ಕಾಲೇಜುಗಳಲ್ಲಿ ನಾವೀನ್ಯ ಮಂಡಳಿಗಳನ್ನು ಮಾಡಿಕೊಳ್ಳಲು ಉತ್ತೇಜನ ಸಿಕ್ಕಿತು. ಇವೆಲ್ಲ ಒಳ್ಳೆಯ ಬೆಳವಣಿಗೆಗಳೇ. ಆದರೆ ದೇಶದುದ್ದಕ್ಕೂ ಈ ಉತ್ಸಾಹ ಹರಿದದ್ದು ಬಹುಮಟ್ಟಿಗೆ ಸ್ಟಾರ್ಟ್‌ಅಪ್ ಸ್ಪರ್ಧೆ, ಒಂದು ದಿನದ ಕಾರ್ಯಾಗಾರ, ಹತ್ತು ನಿಮಿಷದ ಯೋಚನೆ-ಮಂಡನೆಗಳ ಕಡೆಗೆ. ಯೋಚನೆಯನ್ನು ಹೇಳುವುದಕ್ಕೆ ಅಂಕ ಸಿಗುತ್ತದೆ. ಅದು ಊರಿನಲ್ಲಿ ನಿಲ್ಲುತ್ತದೆಯೇ ಎಂದು ನೋಡುವುದಕ್ಕೆ ಪಠ್ಯದಲ್ಲಿ ಜಾಗ ಕಡಿಮೆ. ಓಸ್ಲೋ ಕೈಪಿಡಿಯ ಅಳತೆಯಲ್ಲಿ ನೋಡಿದರೆ ಇಂಥ ಕಲಿಕೆ ನಾವೀನ್ಯದ ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಬ್ಯಾರೇಜು ಈ ವಾದಕ್ಕೆ ಸಿಗುವ ಎಲ್ಲಕ್ಕಿಂತ ಗಟ್ಟಿ ಸಾಕ್ಷ್ಯ. ಮಳೆಗಾಲದಲ್ಲಿ ದಡ ಮೀರುವ ಕೃಷ್ಣೆ ಬೇಸಿಗೆಗೆ ಬತ್ತಿ ಮರಳಾಗುತ್ತಿದ್ದ ಕಾಲ. ದಂಡೆಯ ರೈತರ ಬಳಿ ಪಂಪ್‌ಸೆಟ್ಟುಗಳಿದ್ದವು, ಭೂಮಿಯಿತ್ತು, ದುಡಿಯುವ ಕೈಗಳಿದ್ದವು. ನೀರು ನಿಲ್ಲಿಸುವ ಗೋಡೆ ಇರಲಿಲ್ಲ. ಸರ್ಕಾರದ ಹಣಕ್ಕೆ ಕಾಯದೆ ಕೃಷ್ಣಾ ತೀರ ರೈತ ಸಂಘದ ಹೆಸರಿನಲ್ಲಿ ರೈತರು ವಂತಿಗೆ ಹಾಕಿದರು, ಶ್ರಮದಾನ ಮಾಡಿದರು, 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿ ನಿಲ್ಲಿಸಿದರು. ಅದರ ಹೆಸರು ಶ್ರಮಬಿಂದು ಸಾಗರ. ಮುಂದಾಳತ್ವ ವಹಿಸಿದ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಕೇಂದ್ರದಲ್ಲಿ ಕಲ್ಲಿದ್ದಲು ಖಾತೆಯ ರಾಜ್ಯ ಸಚಿವರೂ ಆದರು. ಕಾಂಕ್ರೀಟಿನ ಕಡೆಯಿಂದ ನೋಡಿದರೆ ಇಲ್ಲಿ ಹೊಸದೇನೂ ಇಲ್ಲ. ಮೇಲಿನ ಕೃಷ್ಣಾ ಕಣಿವೆಯಲ್ಲಿ ಕೊಲ್ಹಾಪುರ ಮಾದರಿಯ ಒಡ್ಡುಗಳು ಮೊದಲೇ ಇದ್ದವು. ಹೊಸದಾದದ್ದು ಶುಂಪೀಟರ್ ಹೇಳಿದ ಐದನೆಯ ಬಗೆ, ಅಂದರೆ ಸಂಘಟನೆ. ನಿಂತ ನೀರು ವಂತಿಗೆ ಕೊಟ್ಟವನ ಪಂಪಿಗೂ ಕೊಡದವನ ಪಂಪಿಗೂ ಒಂದೇ. ಹಾಗಿರುವಾಗ ನಾನೇಕೆ ಕೊಡಲಿ ಎಂಬ ಪ್ರಶ್ನೆ ಪ್ರತಿ ರೈತನ ಎದುರಿಗೂ ಇರುತ್ತದೆ. ಅರ್ಥಶಾಸ್ತ್ರದ ಪುಸ್ತಕಗಳು ಪುಟಗಟ್ಟಲೆ ಚರ್ಚಿಸುವ ಈ ತೊಡಕನ್ನು ಇಲ್ಲಿನವರು ನದಿಯ ದಂಡೆಯಲ್ಲಿ ಬಿಡಿಸಿದರು.

ಕಥೆ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಪಾಠದ ದೃಷ್ಟಿಯಿಂದ ಇನ್ನೂ ಬೆಲೆಯುಳ್ಳದ್ದು. ಆಲಮಟ್ಟಿ ಜಲಾಶಯ ತುಂಬಿ ಹಿನ್ನೀರು ಮೇಲಕ್ಕೆ ಸರಿದ ಮೇಲೆ, ಆ ಹಿನ್ನೀರನ್ನೇ ಪಂಪುಗಳಿಂದ ಎತ್ತಿ ಬ್ಯಾರೇಜಿನೊಳಕ್ಕೆ ತುಂಬಿಸುವ ಕೆಲಸಕ್ಕೂ ರೈತರು ವಂತಿಗೆ ಕೂಡಿಸಿದರು. ನದಿಯನ್ನು ಹಿಮ್ಮುಖವಾಗಿ ಹರಿಸಿದಂತೆ. ಒಮ್ಮೆ ಕಟ್ಟಿದ ನಂಬಿಕೆ ಎರಡನೆಯ ಪ್ರಯೋಗಕ್ಕೆ ಬಂಡವಾಳವಾಯಿತು ಎಂದು ಇದನ್ನು ಓದಬಹುದು. ಬಿ.ಕಾಂ. ಎರಡನೆಯ ವರ್ಷದ ವಿದ್ಯಾರ್ಥಿಗೆ ಇಲ್ಲಿ ಕೇಳಲು ಎಷ್ಟು ಪ್ರಶ್ನೆಗಳಿವೆ! ವಂತಿಗೆಯ ಪಾಲು ಎಕರೆಯ ಮೇಲೆ ನಿಲ್ಲಬೇಕೇ, ಮೋಟಾರಿನ ಅಶ್ವಶಕ್ತಿಯ ಮೇಲೆ ನಿಲ್ಲಬೇಕೇ? ಸಣ್ಣ ಹಿಡುವಳಿಯವನಿಗೆ ಯಾವುದು ನ್ಯಾಯ? ಗೇಟು ಇಳಿಸುವ, ಎತ್ತುವ ತೀರ್ಮಾನ ಯಾರದು? ಪ್ರವಾಹದಿಂದ ಹಾನಿಯಾದರೆ ದುರಸ್ತಿಯ ಹಣ ಎಲ್ಲಿಂದ? ಲೆಕ್ಕಪತ್ರವನ್ನು ಯಾರೆದುರು ಓದಬೇಕು? ಇವು ಲೆಕ್ಕಶಾಸ್ತ್ರ, ಸಂಘಟನಾ ವರ್ತನೆ, ವ್ಯವಹಾರ ಕಾನೂನು ಮೂರೂ ಸೇರುವ ಪ್ರಶ್ನೆಗಳು. ಸಿಲಿಕಾನ್ ಕಣಿವೆಯ ಗ್ಯಾರೇಜಿನಲ್ಲಿ ಹುಟ್ಟಿದ ಕಂಪನಿಯ ಕಥೆಯನ್ನು ಬಾಯಿಪಾಠ ಮಾಡುವ ಹೊತ್ತಿಗೆ, ತನ್ನ ಬಸ್ಸು ದಾಟಿ ಬರುವ ನದಿಯಲ್ಲೇ ಇಂಥದ್ದು ನಡೆದಿದೆ ಎಂದು ವಿದ್ಯಾರ್ಥಿಗೆ ಗೊತ್ತಾಗದೆ ಹೋಗುವುದು ನೋವಿನ ಸಂಗತಿ.

ರಬಕವಿ-ಬನಹಟ್ಟಿಯ ಮಗ್ಗಗಳು ಇದೇ ವಾದದ ಇನ್ನೊಂದು ಮುಖವನ್ನು ತೋರುತ್ತವೆ. ಅವಳಿ ಊರುಗಳ ಬದುಕು ನೇಕಾರಿಕೆಯ ಮೇಲೆ ನಿಂತದ್ದು. ಕೈಮಗ್ಗದ ಜೊತೆಗೆ ವಿದ್ಯುತ್ ಮಗ್ಗಗಳು ಬಂದು ಈಗ ಓಣಿ ಓಣಿಯಲ್ಲೂ ಅವುಗಳದೇ ಸದ್ದು. ಇಲ್ಲಿನ ನೇಯ್ಗೆಯ ದೊಡ್ಡ ಪಾಲು ಮಜೂರಿ ಪದ್ಧತಿಯಲ್ಲಿ ನಡೆಯುತ್ತದೆ: ಮಾಲೀಕ ನೂಲು ಕೊಡುತ್ತಾನೆ, ನೇಕಾರ ಸೀರೆ ನೇಯ್ದು ಒಪ್ಪಿಸಿ ಮಜೂರಿ ಪಡೆಯುತ್ತಾನೆ, ಮನೆಯ ಹೆಂಗಸರು ಕಂಡಿಕೆ ಸುತ್ತುತ್ತಾರೆ. ಈ ಪದ್ಧತಿಯಲ್ಲಿ ಹೊಸ ವಿನ್ಯಾಸವೊಂದು ಹುಟ್ಟಬೇಕಾದರೆ ಏನಾಗಬೇಕು ಎಂದು ಯೋಚಿಸಿದರೆ ನಾವೀನ್ಯದ ಬೇರು ಸಿಗುತ್ತದೆ. ಹಾಸು ಹೊಸದಾಗಿ ಹೂಡಬೇಕು, ಡಾಬಿ ಅಥವಾ ಜಕಾರ್ಡಿನ ಜೋಡಣೆ ಬದಲಿಸಬೇಕು, ಮೊದಲ ಕೆಲವು ಸೀರೆಗಳಲ್ಲಿ ತಪ್ಪು ಸಹಿಸಬೇಕು. ಆ ದಿನಗಳಲ್ಲಿ ಮಗ್ಗ ನಿಂತಿರುತ್ತದೆ. ನೇಯ್ದ ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ನಿಂತ ಮಗ್ಗ ಎಂದರೆ ಒಲೆ ಹೊತ್ತದ ದಿನ. ವಿನ್ಯಾಸ ಗೆದ್ದರೆ ಹೆಚ್ಚುವರಿ ಲಾಭ ಮಾಲೀಕನದು, ವ್ಯಾಪಾರಿಯದು. ಅದೂ ಕೆಲವು ಕಾಲ ಮಾತ್ರ, ಯಾಕೆಂದರೆ ಪೇಟೆಗೆ ಬಂದ ವಿನ್ಯಾಸವನ್ನು ಬೇರೆ ಮಗ್ಗಗಳು ಬೇಗ ನಕಲು ಮಾಡುತ್ತವೆ. ಹೀಗಾಗಿ ಹಳೆಯ ವಿನ್ಯಾಸವನ್ನೇ ನೇಯುತ್ತ ಕೂರುವ ನೇಕಾರನಲ್ಲಿ ಕಲ್ಪನೆಯ ಕೊರತೆಯಿದೆ ಎನ್ನುವುದು ದೊಡ್ಡ ತಪ್ಪು. ಅವನು ತನ್ನ ಪಾಲಿಗೆ ಬಂದ ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದಾನೆ.

ಈ ಲೆಕ್ಕವನ್ನು ಬದಲಿಸುವ ಪ್ರಯತ್ನಗಳು ನಡೆದಿವೆ, ಮತ್ತು ಅವುಗಳ ಗೆಲುವು-ಸೋಲುಗಳೇ ಪಠ್ಯವಾಗಬೇಕು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ನೂಲು ಕೊಟ್ಟು, ಬಟ್ಟೆ ಮರಳಿ ಪಡೆದು ಮಜೂರಿ ನೀಡುವ ಮೂಲಕ ಮಾರುಕಟ್ಟೆಯ ಅಪಾಯವನ್ನು ನೇಕಾರನ ಹೆಗಲಿನಿಂದ ಸಂಸ್ಥೆಯ ಹೆಗಲಿಗೆ ದಾಟಿಸಿತು. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. ಸುಪ್ರೀಂ ಕೋರ್ಟು 1993ರಲ್ಲಿ ಅದನ್ನು ಎತ್ತಿಹಿಡಿಯಿತು. ಮೊದಲು 22 ಇದ್ದ ಮೀಸಲು ಬಗೆಗಳು ಮುಂದೆ 11ಕ್ಕೆ ಇಳಿದವು. ಅದೇ ಜಿಲ್ಲೆಯ ಇಳಕಲ್ ಸೀರೆ ಭೌಗೋಳಿಕ ಸೂಚಿಕೆಯ ರಕ್ಷಣೆ ಪಡೆಯಿತು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿಯಿಂದ ಕೂಡಿಸುವ ಅದರ ತಂತ್ರ ಬೇರೆಡೆ ಸುಲಭವಾಗಿ ಸಾಗಿಸಲಾಗದ ಕೈಚಳಕ. ನಿಗಮ, ಕಾಯ್ದೆ, ಸೂಚಿಕೆ ಈ ಮೂರು ಏರ್ಪಾಡುಗಳಲ್ಲಿ ಯಾವುದು ನೇಯುವವನ ಕೈಗೆ ಎಷ್ಟು ತಲುಪಿಸಿತು ಎಂದು ಬನಹಟ್ಟಿಯ ಒಂದು ಓಣಿಯಲ್ಲಿ ಅಳೆದು ಬರೆದ ವರದಿ, ಯಾವ ಆಮದಾದ ಪ್ರಕರಣ ಅಧ್ಯಯನಕ್ಕಿಂತಲೂ ಹೆಚ್ಚು ಕಲಿಸುತ್ತದೆ.

ಕಬ್ಬಿನ ವಿಷಯದಲ್ಲಿ ಅಡ್ಡಿ ಇನ್ನೂ ಸೂಕ್ಷ್ಮ. ಮುಧೋಳ, ಜಮಖಂಡಿ, ಬೀಳಗಿ ತಾಲೂಕುಗಳು ರಾಜ್ಯದ ಸಕ್ಕರೆ ಭೂಪಟದಲ್ಲಿ ಮುಂಚೂಣಿಯಲ್ಲಿವೆ. ಸಮೀರವಾಡಿಯ ಸೋಮಯ್ಯ ಸಮೂಹದ ಕಾರ್ಖಾನೆ ಸಕ್ಕರೆಯ ಜೊತೆಗೆ ವಿದ್ಯುತ್ತು, ಎಥೆನಾಲ್‌ಗಳನ್ನೂ ತಯಾರಿಸುತ್ತ ಗೋದಾವರಿ ಬಯೋರಿಫೈನರೀಸ್ ಎಂಬ ಹೆಸರಿಗೆ ತಿರುಗಿದೆ. 2024ರ ಅಕ್ಟೋಬರಿನಲ್ಲಿ ಷೇರುಪೇಟೆಗೂ ಬಂತು. ಅಲ್ಲೇ ಕೆ.ಜೆ. ಸೋಮಯ್ಯ ಅನ್ವಯಿಕ ಕೃಷಿ ಸಂಶೋಧನಾ ಸಂಸ್ಥೆಯಿದೆ. ಒಂದು ಕಾಲಕ್ಕೆ ಹೇಸಿಗೆಯಂತೆ ಕಾಣುತ್ತಿದ್ದ ಕಾಕಂಬಿ ಇಂಧನವಾಯಿತು, ಕಬ್ಬಿನ ಸಿಪ್ಪೆ ಕರೆಂಟಾಯಿತು. ಕಾರ್ಖಾನೆಯ ಗೇಟಿನ ಒಳಗೆ ನಾವೀನ್ಯಕ್ಕೆ ಹೀಗೆ ದಾರಿ ತೆರೆದಿದೆ. ಗೇಟಿನ ಹೊರಗೆ, ಬೆಳೆಗಾರನ ಕಡೆ? ಕೇಂದ್ರ ಸರ್ಕಾರ ಗೊತ್ತುಮಾಡುವ ನ್ಯಾಯಸಮ್ಮತ ಬೆಲೆ ನಿಂತಿರುವುದು ಇಡೀ ಕಾರ್ಖಾನೆಯಲ್ಲಿ ಕಬ್ಬಿನಿಂದ ಸಿಗುವ ಸಕ್ಕರೆಯ ಸರಾಸರಿ ಪ್ರಮಾಣದ, ಅಂದರೆ ರಿಕವರಿಯ ಮೇಲೆ. 2022-23ರಿಂದ ಅದರ ಮೂಲ ಪ್ರಮಾಣ ಶೇ. 10.25. ಎಲ್ಲರ ಕಬ್ಬೂ ಒಂದೇ ಗಾಣದಲ್ಲಿ ನುರಿಯುತ್ತದೆ, ಪ್ರತಿ ರೈತನಿಗೆ ಸಿಗುವುದು ತೂಕದ ಹಣ. ಒಬ್ಬ ರೈತ ಹೆಚ್ಚು ಸಿಹಿಯ ತಳಿ ಹಾಕಿ, ಮಾಗುವವರೆಗೆ ಕಾದು, ಕಡಿದ ದಿನವೇ ಸಾಗಿಸಿದರೂ ಆ ಸಿಹಿಯ ಬೆಲೆ ಅವನ ಖಾತೆಗೆ ಪ್ರತ್ಯೇಕವಾಗಿ ಬರುವುದಿಲ್ಲ. ಕಬ್ಬಿನ ಒಣ ಗರಿಯಾದ ರವದಿಯನ್ನು ಸುಡದೆ ಹೊಲದಲ್ಲೇ ಹೊದಿಸುವ, ಹನಿ ನೀರಾವರಿಗೆ ಹೋಗುವ ರೈತನಿಗೂ ಮೊದಲ ವರ್ಷಗಳ ಖರ್ಚು ತನ್ನದೇ. ಕಬ್ಬು ಪೂರೈಸಿದ 14 ದಿನಗಳಲ್ಲಿ ಹಣ ಕೊಡಬೇಕೆಂದು 1966ರ ನಿಯಂತ್ರಣ ಆದೇಶವೇ ಹೇಳುತ್ತದೆ. ಬಾಕಿ ಹಣದ ಚಿಂತೆ ತಲೆಯ ಮೇಲಿದ್ದಾಗ ಪ್ರಯೋಗಕ್ಕೆ ಕೈಹಾಕುವ ಧೈರ್ಯ ಯಾರಿಗೂ ಬರದು. ಬೆಲೆಯ ಸೂತ್ರ ಬದಲಾಗದೆ ಬೀಜ ಬದಲಿಸಿ ಎಂದು ಉಪದೇಶ ಮಾಡುವುದರಲ್ಲಿ ಹೆಚ್ಚು ಅರ್ಥವಿಲ್ಲ ಎಂದೇ ಹೇಳಬೇಕಾಗುತ್ತದೆ.

ಮಹಾಲಿಂಗಪುರದ ಹೆಸರಾಂತ ಬೆಲ್ಲದ ಪೇಟೆಯಲ್ಲೂ ಇದೇ ತೊಡಕು. ಬೆಲ್ಲದ ಹರಾಜಿನಲ್ಲಿ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ. ರಾಸಾಯನಿಕ ಹಾಕದ ಕಂದು ಬೆಲ್ಲ ಕಾಯಿಸಿದವನು ಅದಕ್ಕೆ ಬೇರೆಯೇ ಗಿರಾಕಿಯನ್ನು ಹುಡುಕಬೇಕು. ಕಾರ್ಖಾನೆಗಳೂ ಅಪಾಯದಿಂದ ಹೊರತಲ್ಲ. 2018ರ ಜೈವಿಕ ಇಂಧನ ನೀತಿ ಕಬ್ಬಿನ ಹಾಲಿನಿಂದ ನೇರವಾಗಿ ಎಥೆನಾಲ್ ತಯಾರಿಸಲು ದಾರಿ ಮಾಡಿತು, ಅದನ್ನು ನಂಬಿ ಡಿಸ್ಟಿಲರಿಗಳು ಎದ್ದವು. 2023ರ ಡಿಸೆಂಬರಿನಲ್ಲಿ ಸಕ್ಕರೆಯ ಕೊರತೆಯ ಭಯದಿಂದ ಸರ್ಕಾರ ಅದಕ್ಕೆ ತಡೆ ಹಾಕಿತು, ಮುಂದಿನ ವರ್ಷ ಸಡಿಲಿಸಿತು. ಹೊಸ ಉದ್ಯಮದ ಅಪಾಯ ಎಂದಾಗ ತಂತ್ರಜ್ಞಾನ ಕೈಕೊಡುವುದನ್ನಷ್ಟೇ ಎಣಿಸುವ ವಿದ್ಯಾರ್ಥಿಗೆ ಈ ಒಂದು ಆದೇಶದ ಕಥೆ ಸಾಕು.

ನಾವೀನ್ಯ ಎಂದರೆ ಒಳಿತೇ ಎಂಬ ನಂಬಿಕೆ ಪಠ್ಯಪುಸ್ತಕಗಳಲ್ಲಿ ಬೇರೂರಿದೆ. ಈ ಸೀಮೆ ಅದನ್ನು ಒಪ್ಪುವುದಿಲ್ಲ. ಎತ್ತುವ ನೀರು ಬಂದದ್ದು ವರ; ಆದರೆ ಕರಿ ಮಣ್ಣಿಗೆ ಲೆಕ್ಕವಿಲ್ಲದೆ ನೀರು ಹಾಯಿಸಿ, ಸಾಲು ಸಾಲು ವರ್ಷ ಕಬ್ಬನ್ನೇ ಬೆಳೆದ ಕಡೆ ನೆಲ ಸವಳು-ಜವಳಾಯಿತು. ಜಿಲ್ಲೆಯಲ್ಲಿ ದಾಳಿಂಬೆ ಬಂದಾಗ ಅದೂ ಹೊಸ ದಾರಿಯಾಗಿಯೇ ಬಂತು. ದುಂಡಾಣು ಅಂಗಮಾರಿ ಹಬ್ಬಿದಾಗ ತೋಟಗಳನ್ನೇ ಕಿತ್ತೊಗೆಯಬೇಕಾಯಿತು. ಬೀಳಗಿ ತಾಲೂಕಿನ ಪಾಲಿಗೆ ಆಲಮಟ್ಟಿ ಎಂಬ ಬೃಹತ್ ನಾವೀನ್ಯ ಬಂದದ್ದು ಮುಳುಗಡೆಯ ರೂಪದಲ್ಲಿ. ಜಲಾಶಯ 519.60 ಮೀಟರಿಗೆ ನಿಂತಾಗ ಊರುಗಳು ಪುನರ್ವಸತಿ ಕೇಂದ್ರಗಳಿಗೆ ಸರಿದವು, ಎತ್ತರವನ್ನು 524.256 ಮೀಟರಿಗೆ ಒಯ್ಯುವ ಯೋಜನೆಯ ಮೂರನೆಯ ಹಂತಕ್ಕಾಗಿ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಭೂಮಿ ಹೋಗಿ ಹಣ ಬಂದ ಮನೆಯಲ್ಲಿ ಮುಂದೇನು ಎಂಬ ಪ್ರಶ್ನೆ ಏಳುತ್ತದೆ: ಬೇರೆ ಕಡೆ ಭೂಮಿಯೇ, ಅಂಗಡಿಯೇ, ಟ್ರ್ಯಾಕ್ಟರೇ, ಹಿನ್ನೀರಿನ ಮೀನುಗಾರಿಕೆಯೇ? ಆ ಮನೆಯಲ್ಲಿ ಪದವಿ ಓದಿದ ಮಗನೋ ಮಗಳೋ ಇದ್ದರೆ ಎಲ್ಲರೂ ತಿರುಗಿ ನೋಡುವುದು ಅವರ ಕಡೆಗೇ. ಹೊಸ ಉದ್ಯಮದ ಪ್ರಯೋಗವನ್ನು ಸಣ್ಣದಾಗಿ ಆರಂಭಿಸಿ, ನಷ್ಟದ ಮಿತಿ ಗೊತ್ತುಮಾಡಿಕೊಂಡು, ಹಂತ ಹಂತವಾಗಿ ಹಣ ತೊಡಗಿಸುವ ವಿವೇಕವನ್ನು ಈ ಶಾಸ್ತ್ರ ಕಲಿಸಬಲ್ಲದು. ಬೀಳಗಿಯ ಪದವಿ ವಿದ್ಯಾರ್ಥಿಗೆ ಇದಕ್ಕಿಂತ ತುರ್ತಿನ ಪಾಠ ಇನ್ನೊಂದಿಲ್ಲ.

ಈ ವಾದಕ್ಕೆ ಆಕ್ಷೇಪಗಳಿವೆ, ಮತ್ತು ಅವು ತಳ್ಳಿಹಾಕುವಂಥವಲ್ಲ. ಮೊದಲನೆಯದು: ಸಣ್ಣ ಊರಿನ ಪದವೀಧರನಿಗೆ ಬೇಕಾದದ್ದು ನೌಕರಿ, ಟ್ಯಾಲಿ, ತೆರಿಗೆ ಲೆಕ್ಕ; ನಾವೀನ್ಯ ನಿರ್ವಹಣೆ ಸಂಶೋಧನಾ ವಿಭಾಗವಿರುವ ದೊಡ್ಡ ಕಂಪನಿಗಳಿಗೆ, ಎಂ.ಬಿ.ಎ. ಓದುವವರಿಗೆ ಸರಿ. ಆದರೆ ಈ ಭಾಗದ ಬಿ.ಕಾಂ. ಪದವೀಧರ ಎಲ್ಲಿ ಕೆಲಸಕ್ಕೆ ಸೇರುತ್ತಾನೆ ಎಂದು ನೋಡಬೇಕು. ಪತ್ತಿನ ಸಹಕಾರಿ ಸಂಘದಲ್ಲಿ, ಸೌಹಾರ್ದ ಸಹಕಾರಿಯಲ್ಲಿ, ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿ, ನೂಲಿನ ಅಂಗಡಿಯಲ್ಲಿ. ಮಗ್ಗ ಬದಲಿಸಲು, ಹನಿ ನೀರಾವರಿ ಹಾಕಲು, ಗಾಣ ಹೊಸದು ಮಾಡಲು ಸಾಲದ ಅರ್ಜಿ ಹಿಡಿದು ಬಂದವರು ಮೊದಲು ಎದುರಾಗುವುದು ಇವನ ಮೇಜಿಗೆ. ಆ ಅರ್ಜಿಯನ್ನು ಆಸ್ತಿಯ ಪತ್ರದಿಂದ ಮಾತ್ರ ಅಳೆಯುತ್ತಾನೋ, ಒಳಗಿರುವ ಯೋಜನೆಯ ಗಟ್ಟಿತನವನ್ನೂ ಓದಬಲ್ಲನೋ ಎಂಬುದರ ಮೇಲೆ ಊರಿನ ಹೊಸತನ ನಿಂತಿದೆ. ಸಹಕಾರಿ ಸಂಘ ಎಂಬುದೇ ಈ ನಾಡಿನ ದೊಡ್ಡ ಸಂಘಟನಾ ನಾವೀನ್ಯ; 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅದಕ್ಕೆ ಬುನಾದಿ ಹಾಕಿದರು. ಆ ಪರಂಪರೆಯ ಗುಮಾಸ್ತನಿಗೆ ಈ ವಿದ್ಯೆ ಹೆಚ್ಚಿನದಾಯಿತು ಎನ್ನುವುದು ಸರಿಯಲ್ಲ.

ಎರಡನೆಯ ಆಕ್ಷೇಪ: ಹೊಸತನ ಹುಟ್ಟುಗುಣ, ಕಲಿಸಿದರೆ ಬರುವುದಿಲ್ಲ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರನ್ನು ಇದಕ್ಕೆ ಸಾಕ್ಷಿಯಾಗಿ ಹೇಳುವುದುಂಟು. ಕೂರಿಗೆ, ಹುಣಸೆ ಬೀಜ ಬೇರ್ಪಡಿಸುವ ಯಂತ್ರ ಮೊದಲಾದವನ್ನು ರೂಪಿಸಿ 2022ರಲ್ಲಿ ಪದ್ಮಶ್ರೀ ಪಡೆದ ಅವರಿಗೆ ಯಾವ ಕಾಲೇಜೂ ಇದನ್ನು ಕಲಿಸಿರಲಿಲ್ಲ. ಆಕ್ಷೇಪದ ಅರ್ಧ ಭಾಗ ನಿಜ. ಆವಿಷ್ಕಾರದ ಹೊಳಹನ್ನು ತರಗತಿ ಕೊಡಲಾರದು. ಆದರೆ ಒಂದು ಕೂರಿಗೆ ಒಬ್ಬರ ಹೊಲದಿಂದ ಊರೂರಿಗೆ ಹೋಗಬೇಕಾದರೆ ವರ್ಕ್‌ಶಾಪು, ಬಿಡಿಭಾಗ, ಸಾಲ, ದುರಸ್ತಿ, ಬಿತ್ತನೆಗೆ ಮೊದಲೇ ತಲುಪಿಸುವ ಶಿಸ್ತು ಎಲ್ಲವೂ ಬೇಕು. ಇವೆಲ್ಲ ಕಲಿತು ಬರುವ ಕೆಲಸಗಳೇ. ಹೊಳಹು ಇದ್ದವನ ಪಕ್ಕದಲ್ಲಿ ಈ ಕೆಲಸ ಬಲ್ಲವನೊಬ್ಬ ಇಲ್ಲದೆ ಎಷ್ಟು ಯಂತ್ರಗಳು ಹಿತ್ತಲಲ್ಲೇ ತುಕ್ಕು ಹಿಡಿದಿರಬಹುದು ಎಂದು ಯೋಚಿಸಬೇಕು.

ಇನ್ನು ಇದು ಪಶ್ಚಿಮದ ಶಾಸ್ತ್ರ, ಇಂಗ್ಲಿಷಿನಲ್ಲಿ ಬಂದದ್ದು, ಇಲ್ಲಿಗೆ ಒಗ್ಗದು ಎಂಬ ಮಾತು. ಎವೆರೆಟ್ ರೋಜರ್ಸ್ 1962ರಲ್ಲಿ ಬರೆದ ನಾವೀನ್ಯ ಪ್ರಸರಣದ ಗ್ರಂಥ ಈ ಶಾಸ್ತ್ರದ ಕಂಬಗಳಲ್ಲೊಂದು. ಅದರ ಬೇರು ಇರುವುದು ಅಮೆರಿಕದ ಐಯೋವಾ ರಾಜ್ಯದ ಮೆಕ್ಕೆಜೋಳದ ಹೊಲಗಳಲ್ಲಿ. ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ 1943ರಲ್ಲಿ ಪ್ರಕಟಿಸಿದ ಅಧ್ಯಯನ 259 ರೈತರನ್ನು ಕೇಳಿ ಕಂಡುಕೊಂಡದ್ದು ಇಷ್ಟು: ಸಂಕರ ಮೆಕ್ಕೆಜೋಳದ ಸುದ್ದಿ ಬೀಜ ಮಾರುವವನಿಂದ ಬಂತು, ಅದನ್ನು ಹಾಕುವ ಧೈರ್ಯ ನೆರೆಯ ಹೊಲದವನಿಂದ ಬಂತು. ಮುಧೋಳದ ರೈತನಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಭಾಷೆಯ ಮಾತಿಗೆ ಬಂದರೆ ವಂತಿಗೆ, ಮುಯ್ಯಾಳು, ಪಾಲು, ಲಾವಣಿ, ಹುಂಡಿ, ಮಜೂರಿ ಎಂಬ ಪದಗಳಲ್ಲಿ ಬಂಡವಾಳ, ಅಪಾಯ, ಒಪ್ಪಂದ, ಪ್ರತಿಫಲಗಳ ನವಿರಾದ ವ್ಯತ್ಯಾಸಗಳು ಅಡಗಿವೆ. ವಿದ್ಯಾರ್ಥಿಗಳ ಕ್ಷೇತ್ರವರದಿ ಕನ್ನಡದಲ್ಲೇ ಬರಬೇಕು ಎಂದು ಒತ್ತಾಯಿಸಲು ಇದೇ ಕಾರಣ. ನೇಕಾರನ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ಭರದಲ್ಲಿ ಮಜೂರಿಯೂ ಸಂಬಳವೂ ಒಂದೇ ಪದವಾಗಿಬಿಟ್ಟರೆ, ಅಧ್ಯಯನದ ತಿರುಳೇ ಸೋರಿಹೋಗುತ್ತದೆ. ನಾಳೆ ಪುಣೆಗೋ ಬೆಂಗಳೂರಿಗೋ ಹೋಗುವ ಹುಡುಗಿಗೆ ಈ ಊರಿನ ಪಾಠ ಕಿರಿದಾಗುತ್ತದೆ ಎಂಬ ಭಯವೂ ಬೇಡ. ಬೆಲೆಯ ಸೂತ್ರ ಯಾರಿಗೆ ಅನುಕೂಲ, ನಷ್ಟ ಯಾರ ಮೇಲೆ ಎಂದು ಮಗ್ಗದ ಮುಂದೆ ಕೇಳಲು ಕಲಿತವಳು ಸಾಫ್ಟ್‌ವೇರ್ ಕಂಪನಿಯಲ್ಲೂ ಅದನ್ನೇ ಕೇಳುತ್ತಾಳೆ.

ಉಳಿದ ಒಂದು ಅಡ್ಡಿ ಮಾತ್ರ ವಾದದಿಂದ ಕರಗುವಂಥದ್ದಲ್ಲ. ಕ್ಷೇತ್ರದಿಂದ ಕಲಿಸಲು ಅಧ್ಯಾಪಕರಿಗೆ ಸಮಯ ಬೇಕು, ಸ್ಥಿರತೆ ಬೇಕು. ಸರ್ಕಾರಿ ಪದವಿ ಕಾಲೇಜುಗಳು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿರುವಾಗ, ಮೂರು ವರ್ಷ ಒಂದೇ ಓಣಿಯನ್ನು ಹಿಂಬಾಲಿಸುವ ಅಧ್ಯಯನವನ್ನು ಯಾರಿಂದ ಕೇಳುವುದು? ಇಲ್ಲಿ ಆಡಳಿತ ನಿರ್ಧರಿಸಬೇಕಾದ್ದಿದೆ. ಅದರ ಜೊತೆಗೇ ವೇಳಾಪಟ್ಟಿಯ ಒಂದು ಸಣ್ಣ ಮಾತೂ ಇದೆ. ಕಬ್ಬು ಅರೆಯುವ ಹಂಗಾಮು ಅಕ್ಟೋಬರ್-ನವೆಂಬರಿನಿಂದ ಬೇಸಿಗೆಯ ಆರಂಭದವರೆಗೆ. ಮಗ್ಗಕ್ಕೆ ಬಿಡುವಿಲ್ಲದ ದಿನಗಳು ದಸರಾ, ದೀಪಾವಳಿ ಮತ್ತು ಮದುವೆಯ ಕಾಲಕ್ಕೆ ಮುಂಚೆ. ಬ್ಯಾರೇಜಿನ ನೀರಿನ ನಿಜವಾದ ಬೆಲೆ ತಿಳಿಯುವುದು ಏಪ್ರಿಲ್-ಮೇ ತಿಂಗಳಲ್ಲಿ. ಸೆಮಿಸ್ಟರಿನ ಪರೀಕ್ಷೆ, ರಜೆಗಳು ಇವುಗಳಿಗೆ ಅಡ್ಡ ಬಾರದಂತೆ ಕ್ಷೇತ್ರಕಾರ್ಯದ ವಾರಗಳನ್ನು ಪಠ್ಯಕ್ರಮದಲ್ಲೇ ಹೆಸರಿಸಿ ಗೊತ್ತುಮಾಡಿದರೆ, ಜಮಖಂಡಿಯ ವಿದ್ಯಾರ್ಥಿ ನೀರು ನಿಂತಿರುವಾಗ ಒಮ್ಮೆ, ನೀರು ಇಳಿದಾಗ ಒಮ್ಮೆ ಅದೇ ದಂಡೆಗೆ ಹೋಗಿ ಅದೇ ರೈತರಿಗೆ ಅದೇ ಪ್ರಶ್ನೆಗಳನ್ನು ಕೇಳಿ, ಎರಡು ಉತ್ತರಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಬಹುದು.